ಕಿತ್ತಳೆ ಐಸ್‌ಕ್ಯಾಂಡಿಗೆ ಯಾವ ಹಸುವಿನ ಹಾಲು?

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ಭಾನುವಾರ. ಅರಕಲಗೂಡು ಕಡೆಯ ಊರೊಂದರಲ್ಲಿ ಕೆಚ್ಚಲು ಬಾವು ಬಂದಿದ್ದ ಮಿಶ್ರತಳಿ ಹಸುವಿಗೆ ಮೂರನೇ ದಿನದ ಇಂಜೆಕ್ಷನ್ ಕೊಟ್ಟು, ಕೊಟ್ಟಿಗೆಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದೆ. ಆರನೇ ಕ್ಲಾಸಿನ ಹುಡುಗನೊಬ್ಬ ಒಳಗಿನಿಂದ ಓಡಿಬಂದು ಸ್ಟೀಲ್ ಚಮಚಕ್ಕೆ ಕಚ್ಚಿಕೊಂಡಿದ್ದ ಹಳದಿ ಗಟ್ಟಿಯೊಂದನ್ನು ಕೈಗಿಟ್ಟ. ಲೋಟದಲ್ಲಿ ಹೆಪ್ಪುಗಟ್ಟಿಸಿದ ಕಿತ್ತಳೆ ಐಸ್‌ಕ್ಯಾಂಡಿ. ಹಣ್ಣು ಸೋಮವಾರಪೇಟೆ ಕಡೆಯ ಅಜ್ಜಿ ಮನೆಯ ಕಾಫಿ ತೋಟದ್ದಂತೆ. ಬೆಳಿಗ್ಗೆಯಿಂದ ಐದು ಊರು ಸುತ್ತಿದ್ದೆ. ನಿಂತಲ್ಲೇ ಅರ್ಧ ಮುಗಿಸಿದೆ. ಬಹಳ ಚೆನ್ನಾಗಿತ್ತು.

ಆಮೇಲೆ ಹೊಳೆಯಿತು. ಈ ಮನೆಯಲ್ಲಿ ಕರೆಯುವ ಹಸು ಇರುವುದು ಒಂದೇ.

“ಯಾವ ಹಾಲಮ್ಮ ಇದಕ್ಕೆ ಹಾಕಿದ್ದು?” ಅಂದೆ.

“ಇದರದ್ದೇ ಡಾಕ್ಟ್ರೇ. ಕೆಟ್ಟ ಮೊಲೇದು ಬಿಟ್ಟು ಉಳಿದ ಮೂರರದ್ದು. ಡೈರಿಗೆ ಹಾಕ್ಬೇಡಿ ಅಂದ್ರಲ್ಲ, ಚೆಲ್ಲೋಕೆ ಮನಸ್ಸು ಬರಲಿಲ್ಲ. ಮಕ್ಕಳಿಗಾದ್ರೂ ಆಗ್ಲಿ ಅಂತ ಮಾಡ್ದೆ. ಮನೇಲಿ ಬಳಸ್ಬೇಡಿ ಅಂತ ನೀವು ಅನ್ನಲಿಲ್ವಲ್ಲ?”

ಅಂದಿರಲಿಲ್ಲ, ನಿಜ. ಚೀಟಿಯಲ್ಲಿ ‘ಸಂಘಕ್ಕೆ ಹಾಕಬಾರದು’ ಎಂದು ಬರೆದುಕೊಟ್ಟಿದ್ದೆ, ಅಷ್ಟೇ. ಆ ತಾಯಿ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಊರಿನ ನೂರು ಮನೆಗೆ ಹೋಗಬಾರದ ಹಾಲು ಅವರ ಎರಡು ಮಕ್ಕಳ ಹೊಟ್ಟೆಗೆ, ಅರ್ಧ ನನ್ನ ಹೊಟ್ಟೆಗೆ ಹೋಗಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ದಿನದಿಂದ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿ ಬರೆಯುತ್ತಿದ್ದೇನೆ. ಬೇಸಿಗೆ ರಜೆ ಹತ್ತಿರ ಬಂದಿರುವುದರಿಂದ ಇಲ್ಲಿಯೂ ಬರೆಯುತ್ತಿದ್ದೇನೆ. ಐಸ್‌ಕ್ಯಾಂಡಿ ಮಾಡಬೇಡಿ ಎನ್ನುವುದಕ್ಕಲ್ಲ, ಖಂಡಿತ ಮಾಡಿ ಎನ್ನುವುದಕ್ಕೆ.

ಫ್ರಿಜ್ಜಿನ ಮೇಲೆ ನಮಗಿರುವ ಅತಿನಂಬಿಕೆ

‘ಅಷ್ಟು ಚಳಿಗೆ ಯಾವ ಕ್ರಿಮಿ ಉಳಿಯುತ್ತೆ?’ ಇದು ನಾನು ಹೆಚ್ಚಾಗಿ ಕೇಳುವ ಮಾತು. ಉಳಿಯುತ್ತವೆ. ಶೀತದಲ್ಲಿ ರೋಗಾಣುಗಳು ಬೆಳೆಯುವುದು ನಿಲ್ಲುತ್ತದೆ, ಆದರೆ ಬಹುಪಾಲು ಸಾಯುವುದಿಲ್ಲ. ನಾವು ಹೋರಿಯ ವೀರ್ಯವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಜೀವಂತ ಇಟ್ಟು, ಬೇಕಾದಾಗ ಹಸುವಿಗೆ ಕೊಡುವುದನ್ನು ನೀವು ನೋಡಿದ್ದೀರಿ. ಮನೆಯ ಫ್ರೀಜರ್ ಹೆಚ್ಚೆಂದರೆ ಮೈನಸ್ 18. ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿನ ಪುಟ್ಟ ಡಬ್ಬಿಯಲ್ಲಿ ಅಷ್ಟೂ ಇರುವುದಿಲ್ಲ.

ಕಿತ್ತಳೆಯ ಹುಳಿಯೂ ಆ ಕೆಲಸ ಮಾಡಲಾರದು. ಹಾಲಿನಲ್ಲಿರುವ ರೋಗಾಣುವನ್ನು ಕೊಲ್ಲುವುದು ಬಿಸಿ ಮಾತ್ರ. ನಮ್ಮ ಡೈರಿಯಲ್ಲಿ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ತಕ್ಷಣ ತಣಿಸುತ್ತಾರೆ. ಮನೆಯಲ್ಲಿ ಅಳೆಯುವ ಸಾಧನ ಇರುವುದಿಲ್ಲವಾದ್ದರಿಂದ, ಹಾಲು ಉಕ್ಕಿ ಬಂದ ಮೇಲೆ ಉರಿ ಸಣ್ಣಗೆ ಮಾಡಿ, ಕೈಯಾಡಿಸುತ್ತಾ ಎರಡು ಮೂರು ನಿಮಿಷ ಕುದಿಸಿದರೆ ಸಾಕು. ‘ಹಸಿ ಹಾಲಿನ ಐಸ್‌ಕ್ರೀಮಿಗೆ ರುಚಿ ಜಾಸ್ತಿ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾಯಿಸಿ ಬತ್ತಿಸಿದ ಹಾಲಿನ ರುಚಿಯ ಮುಂದೆ ಅದು ಏನೂ ಅಲ್ಲ.

ಈ ವಿಷಯದಲ್ಲಿ ನನಗೆ ಹೆಚ್ಚು ಭಯವಿರುವುದು ಕಂದು ರೋಗದ ಬಗ್ಗೆ. ಏಳು, ಎಂಟು, ಒಂಬತ್ತು ತಿಂಗಳಲ್ಲಿ ಕಂದು ಹಾಕಿದ ಹಸುವಿನ ಹಾಲಿನಲ್ಲಿ ಬ್ರುಸೆಲ್ಲಾ ರೋಗಾಣು ಇರಬಹುದು. ಹಸು ನೋಡಲು ಆರೋಗ್ಯವಾಗಿಯೇ ಇರುತ್ತದೆ, ಹಾಲೂ ಬಿಳಿಯಾಗಿಯೇ ಇರುತ್ತದೆ. ಆ ಹಾಲನ್ನು ಹಸಿಯಾಗಿ ಕುಡಿದವರಿಗೆ, ಹಸಿಯಾಗಿ ಹೆಪ್ಪುಗಟ್ಟಿಸಿ ತಿಂದವರಿಗೂ, ಬಂದು ಹೋಗುವ ಜ್ವರ, ರಾತ್ರಿ ಬೆವರು, ಬೆನ್ನು-ಕೀಲು ನೋವು ವಾರಗಟ್ಟಲೆ ಕಾಡುತ್ತದೆ. ಸಾಮಾನ್ಯ ಜ್ವರವೆಂದು ಮಾತ್ರೆ ನುಂಗಿ ಎಷ್ಟೋ ಜನ ತಿಂಗಳು ಕಳೆಯುತ್ತಾರೆ. ಹಸು ಕಂದು ಹಾಕಿದ್ದ ಮನೆಯಲ್ಲಿ ಅಂಥ ಜ್ವರ ಬಂದರೆ ಡಾಕ್ಟರಿಗೆ ಆ ವಿಷಯವನ್ನೂ ಹೇಳಿ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಒಂದೇ ಒಂದು ಸಲ ಹಾಕುವ ಲಸಿಕೆ ಇದೆ. ನಿಮ್ಮ ಕೊಟ್ಟಿಗೆಯ ಕರುವಿಗೆ ಆಗಿದೆಯೇ ಎಂದು ಇವತ್ತೇ ನೋಡಿಕೊಳ್ಳಿ.

ಕುದಿಸಿದರೂ ಹೋಗದ್ದು

ಆ ತಾಯಿ ಹಾಲನ್ನು ಚೆನ್ನಾಗಿ ಕುದಿಸಿಯೇ ಮಾಡಿದ್ದರು. ಆದರೆ ರೋಗಾಣುವಿಗೆ ಹೇಳಿದ ಮಾತು ಔಷಧಿಗೆ ಹೊಂದುವುದಿಲ್ಲ. ಹಾಲಿಗೆ ಇಳಿದ ಆಂಟಿಬಯೋಟಿಕ್ ಕುದಿಸಿದರೂ ಪೂರ್ತಿ ಹೋಗುವುದಿಲ್ಲ, ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ. ‘ಕೆಟ್ಟ ಮೊಲೆ ಬಿಟ್ಟು ಉಳಿದದ್ದು’ ಎನ್ನುವ ಲೆಕ್ಕವೂ ನಡೆಯದು. ಇಂಜೆಕ್ಷನ್ ರಕ್ತದ ಮೂಲಕ ನಾಲ್ಕೂ ಮೊಲೆಗೆ ಬರುತ್ತದೆ. ಒಂದೇ ಮೊಲೆಗೆ ಟ್ಯೂಬ್ ಏರಿಸಿದ್ದರೂ ಅದರ ಒಂದಂಶ ರಕ್ತಕ್ಕೆ ಸೇರಿ ಉಳಿದ ಮೊಲೆಗಳ ಹಾಲಿನಲ್ಲಿ ಕಾಣಿಸಿಕೊಳ್ಳಬಹುದು.

ಪೆನಿಸಿಲಿನ್ ಒಗ್ಗದ ಮಗು ಮನೆಯಲ್ಲಿದ್ದರೆ ಅಷ್ಟರಿಂದಲೇ ಮೈಯೆಲ್ಲ ದದ್ದು ಎದ್ದೀತು. ಒಗ್ಗುವ ಮಗುವಿಗೂ ಒಳ್ಳೆಯದಲ್ಲ. ಸಣ್ಣ ಪ್ರಮಾಣದಲ್ಲಿ ಮತ್ತೆ ಮತ್ತೆ ಒಳಗೆ ಹೋದರೆ ರೋಗಾಣುಗಳು ಆ ಔಷಧಿಗೆ ಬಗ್ಗದಂತಾಗುತ್ತವೆ. ನಾಳೆ ಆ ಮಗುವಿಗೆ ನಿಜವಾಗಿ ಕಾಯಿಲೆ ಬಂದಾಗ ಔಷಧಿ ಕೆಲಸ ಮಾಡದೆ ಹೋಗಬಹುದು.

ಎಷ್ಟು ದಿನ ಬಿಡಬೇಕು? ಅದು ಔಷಧಿಯಿಂದ ಔಷಧಿಗೆ ಬೇರೆ. ಬಾಟಲಿಯ ಮೇಲೆ, ಟ್ಯೂಬಿನ ಪೊಟ್ಟಣದ ಮೇಲೆ ಬರೆದಿರುತ್ತದೆ. ಬರೆದಿಲ್ಲದಿದ್ದರೆ ಕೊನೆಯ ಡೋಸಿನ ನಂತರ ಕನಿಷ್ಠ 7 ದಿನ ಎಂದು ನಿಯಮವಿದೆ. ಲೆಕ್ಕ ಶುರುವಾಗುವುದು ಕೊನೆಯ ಡೋಸಿನಿಂದ, ಮೊದಲನೆಯದರಿಂದಲ್ಲ. ಇಲ್ಲೇ ಹೆಚ್ಚಿನವರು ಎಡವುವುದು. ಅಷ್ಟೂ ದಿನದ ಹಾಲನ್ನು ಕರೆದು, ಕೊಟ್ಟಿಗೆಯ ನೆಲಕ್ಕೆ ಚೆಲ್ಲದೆ, ದೂರದ ಗುಂಡಿಗೆ ಸುರಿಯಿರಿ. ಕರುವಿಗೂ ಬೇಡ. ಸುರಿಯುವಾಗ ಹೊಟ್ಟೆ ಉರಿಯುತ್ತದೆ ಎಂದು ನನಗೂ ಗೊತ್ತು, ನಾನೂ ಹಸು ಸಾಕಿದ ಮನೆಯವನೇ.

ಈಗ ಐಸ್‌ಕ್ಯಾಂಡಿ

ಆರೋಗ್ಯವಾಗಿರುವ, ಇಂಜೆಕ್ಷನ್ ಅವಧಿಯಲ್ಲಿ ಇಲ್ಲದ ಹಸುವಿನ ಹಾಲು ಒಂದು ಲೀಟರ್ ತೆಗೆದುಕೊಳ್ಳಿ. ಕೆನೆ ತೆಗೆಯಬೇಡಿ. ಹಾಲಿನ ಐಸ್‌ಕ್ಯಾಂಡಿ ಕಲ್ಲಿನಂತಾಗದೆ ಮೆತ್ತಗೆ ಬರುವುದು ಕೆನೆಯಿಂದ. ಅಗಲ ಬಾಯಿಯ ಪಾತ್ರೆಯಲ್ಲಿ ತಳ ಹಿಡಿಯದಂತೆ ಕೈಯಾಡಿಸುತ್ತಾ, ಮೂರನೇ ಎರಡು ಭಾಗಕ್ಕೆ ಬತ್ತಿಸಿ. ಎಮ್ಮೆ ಹಾಲಾದರೆ ಅಷ್ಟು ಬತ್ತಿಸಬೇಕಿಲ್ಲ. ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ಸ್ವಲ್ಪ ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ ಕುದಿಯುವ ಹಾಲಿಗೆ ಸೇರಿಸಿ, ಹಸಿ ವಾಸನೆ ಹೋಗುವವರೆಗೆ ಎರಡು ಮೂರು ನಿಮಿಷ ಬೇಯಿಸಿ. 100 ಗ್ರಾಂ ಸಕ್ಕರೆ ಹಾಕಿ. ಬಾಯಿಗೆ ಹಾಕಿದಾಗ ಒಂದು ಚೂರು ಹೆಚ್ಚೇ ಸಿಹಿ ಅನ್ನಿಸಬೇಕು, ತಣ್ಣಗಾದ ಮೇಲೆ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಹಾಗೆಂದು ಸಕ್ಕರೆ ಸುರಿದರೆ ರಾತ್ರಿಯಿಡೀ ಇಟ್ಟರೂ ಗಟ್ಟಿಯಾಗದು. ಆರಿದ ಮೇಲೆ ಮುಚ್ಚಿ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ಪೂರ್ತಿ ತಣ್ಣಗೆ ಮಾಡಿ.

ಕಿತ್ತಳೆ ಐದಾರು ಬೇಕು, 300 ಮಿಲಿ ರಸಕ್ಕೆ. ತೊಳೆದು ಒರೆಸಿ, ಸುಲಿಯುವ ಮೊದಲೇ ಒಂದು ಹಣ್ಣಿನ ಹೊರ ಸಿಪ್ಪೆಯನ್ನು ಮಾತ್ರ ತೆಳ್ಳಗೆ ತುರಿದು ಎರಡು ಚಮಚ ಸಕ್ಕರೆ ಜೊತೆ ಬೆರಳಲ್ಲಿ ತಿಕ್ಕಿಡಿ. ಕಿತ್ತಳೆಯ ಘಮ ಇರುವುದು ಆ ಸಿಪ್ಪೆಯ ಎಣ್ಣೆಯಲ್ಲಿ. ಅಂಗಡಿಯ ಎಸೆನ್ಸ್ ಇದರ ಹತ್ತಿರವೂ ಬಾರದು. ಒಳಗಿನ ಬಿಳಿ ಪದರ ತುರಿದರೆ ಕಹಿ. ಬೀಜ ಅರೆದರೆ ಇನ್ನೂ ಕಹಿ, ಆದ್ದರಿಂದ ಮಿಕ್ಸಿಗೆ ಹಾಕದೆ ಕೈಯಲ್ಲೇ ಹಿಂಡಿ ಸೋಸಿ. ರಸವನ್ನು ಕಾಯಿಸಲೂಬೇಡಿ, ಅದೂ ಕಹಿಗೆ ತಿರುಗುತ್ತದೆ. ನಮ್ಮ ಕೊಡಗಿನ ಕಿತ್ತಳೆ ಸಿಪ್ಪೆ ಸಡಿಲ, ರಸ ಹುಳಿ-ಸಿಹಿ. ಇದಕ್ಕೆ ಹೇಳಿ ಮಾಡಿಸಿದ್ದು. ಅದು ಮುಗಿದ ಮೇಲೆ ನಾಗಪುರದ್ದೂ ಆಗುತ್ತದೆ.

ಎರಡನ್ನೂ ಬೆರೆಸುವಾಗ ಹಾಲು ಒಡೆಯುತ್ತದೆ ಎಂದು ತುಂಬಾ ಜನ ದೂರುತ್ತಾರೆ. ಒಡೆಯಲೇಬೇಕು. ಪನೀರ್ ಮಾಡಲು ಬಿಸಿ ಹಾಲಿಗೆ ನಿಂಬೆ ಹಿಂಡುವುದೂ ಇದೇ ಕೆಲಸ. ಹಾಲು ಬಿಸಿ ಇದ್ದಷ್ಟೂ ಒಡೆಯುವುದು ಬೇಗ. ಹಾಗಾಗಿ ಎರಡೂ ತಣ್ಣಗಿರಬೇಕು, ಮೂರು ಪಾಲು ಹಾಲಿಗೆ ಒಂದು ಪಾಲಿಗಿಂತ ಹೆಚ್ಚು ರಸ ಬೇಡ, ಸಣ್ಣ ಧಾರೆಯಲ್ಲಿ ಕಡೆಯುತ್ತಾ ಸುರಿದು ತಕ್ಷಣ ಫ್ರೀಜರಿಗೆ ಸೇರಿಸಬೇಕು.

ನನಗೆ ಇಷ್ಟವಾದದ್ದು ಬೆರೆಸದ ವಿಧಾನ. ರಸಕ್ಕೆ ಆ ಸಿಪ್ಪೆ-ಸಕ್ಕರೆಯನ್ನೂ ಇನ್ನೆರಡು ಚಮಚ ಸಕ್ಕರೆಯನ್ನೂ ಕರಗಿಸಿ ಸಣ್ಣ ಸ್ಟೀಲ್ ಲೋಟಗಳಿಗೆ ತುಂಬಿ ಫ್ರೀಜರಿನಲ್ಲಿಡಿ. ಒಂದು ಗಂಟೆಯ ನಂತರ ಆಗಾಗ ನೋಡುತ್ತಿರಿ. ಲೋಟದ ಗೋಡೆಗೆ ಅರ್ಧ ಬೆರಳು ದಪ್ಪ ಮಂಜು ಕಟ್ಟಿ ನಡುವೆ ಇನ್ನೂ ನೀರಾಗಿರುವಾಗ, ಆ ನೀರನ್ನು ಬೇರೆ ಲೋಟಕ್ಕೆ ಬಗ್ಗಿಸಿಕೊಳ್ಳಿ, ಅದು ಮುಂದಿನ ಸುತ್ತಿಗೆ. ಖಾಲಿಯಾದ ಜಾಗಕ್ಕೆ ತಣ್ಣನೆಯ ಹಾಲು ತುಂಬಿ, ಸ್ವಲ್ಪ ಬಿಗಿಯಾದಾಗ ಚಮಚ ನೆಟ್ಟು ರಾತ್ರಿಯಿಡೀ ಬಿಡಿ. ಹೊರಗೆ ಕಿತ್ತಳೆ, ಒಳಗೆ ಹಾಲು, ಒಡೆಯುವ ಮಾತೇ ಇಲ್ಲ. ತಿನ್ನುವಾಗ ಲೋಟವನ್ನು ಎರಡು ಕ್ಷಣ ನೀರಿನಲ್ಲಿ ಅದ್ದಿದರೆ ತಾನಾಗಿ ಜಾರಿ ಬರುತ್ತದೆ.

ಇಷ್ಟು ತಾಳ್ಮೆ ಇಲ್ಲದವರು ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ, ಸಕ್ಕರೆ, ಕಿತ್ತಳೆ ರಸ ಕಡೆದು ಇಟ್ಟುಬಿಡಿ. ಮೊದಲೇ ಹುಳಿಯಾದದ್ದು ಮತ್ತೆ ಒಡೆಯುವುದಿಲ್ಲ. ಬರೀ ರಸದ ಕ್ಯಾಂಡಿಗೆ ನೀರು ಬೆರೆಸುವುದಾದರೆ ಅದೂ ಕುದಿಸಿ ಆರಿಸಿದ್ದಾಗಿರಲಿ.

ಕರೆಂಟು ಹೋಗಿ ಕರಗಿದರೆ? ಇನ್ನೂ ತಣ್ಣಗಿದ್ದರೆ ಆಗಲೇ ಕುಡಿದು ಮುಗಿಸಿ. ಬೆಚ್ಚಗಾಗಿ ಕೂತದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ಗಂಟು ಹಾಕುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಮಕ್ಕಳು ಚೀಪಿ ಅಂಗಳದಲ್ಲಿ ಎಸೆದ ಸಿಹಿ ಕವರನ್ನು ಹಸು ಬಿಡುವುದಿಲ್ಲ. ಹೊಟ್ಟೆ ಕೊಯ್ದು ಪ್ಲಾಸ್ಟಿಕ್ ಗಂಟು ತೆಗೆಯುವ ಕೆಲಸ ಯಾವ ಪಶುವೈದ್ಯರಿಗೂ ಖುಷಿ ಕೊಡುವುದಿಲ್ಲ.

ಮನೆಗೆಷ್ಟು ಉಳಿಸಿಕೊಂಡಿರಿ?

ಒಕ್ಕೂಟದ ಸಂಬಳ ತಿನ್ನುವ ನಾನು ಇದನ್ನು ಹೇಳಬಾರದೇನೋ. ಎರಡೂ ಹೊತ್ತಿನ ಹಾಲನ್ನು ಸಂಘಕ್ಕೆ ಹಾಕಿ, ಮನೆಯ ಮಕ್ಕಳಿಗೆ ಡಿಕಾಕ್ಷನ್ ಹೆಚ್ಚಾದ ಟೀ ಕೊಡುವ ಮನೆಗಳನ್ನು ನಾನು ನೋಡುತ್ತೇನೆ. ಅದೇ ಮಕ್ಕಳು ಹತ್ತು ರೂಪಾಯಿ ಹಿಡಿದು ಅಂಗಡಿಗೆ ಓಡಿ ಬಣ್ಣ, ಸಕ್ಕರೆ, ನೀರಿನ ಕಿತ್ತಳೆ ಕ್ಯಾಂಡಿ ಚೀಪುತ್ತಾ ಬರುತ್ತವೆ. ಅದರಲ್ಲಿ ಕಿತ್ತಳೆ ಎಷ್ಟೋ ಸಲ ಹೆಸರಿಗೆ ಮಾತ್ರ. ಕೊಳ್ಳುವುದಾದರೆ ಪೊಟ್ಟಣ ತಿರುಗಿಸಿ ನೋಡಿ. ‘ಐಸ್‌ಕ್ರೀಮ್’ ಎಂದಿದ್ದರೆ ಅದರ ಕೊಬ್ಬು ಹಾಲಿನದ್ದು. ‘ಫ್ರೋಜನ್ ಡೆಸರ್ಟ್’ ಎಂದಿದ್ದರೆ ಸಾಮಾನ್ಯವಾಗಿ ಸಸ್ಯದ ಎಣ್ಣೆ. ಹಾಲು ಕರೆದು ಬದುಕುವ ನಾವಾದರೂ ಈ ವ್ಯತ್ಯಾಸ ತಿಳಿದಿರಬೇಕು.

ವಾರಕ್ಕೊಂದು ಲೀಟರ್ ಮನೆಗೆ ಉಳಿಸಿಕೊಂಡರೆ ಸಂಘ ಮುಳುಗುವುದಿಲ್ಲ. ನಿಮ್ಮ ಕಾರ್ಯದರ್ಶಿ ಗೊಣಗಿದರೆ ನನ್ನ ಹೆಸರು ಹೇಳಿ.

ಆ ಮನೆಗೆ ಮತ್ತೆ ಹೋದಾಗ ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆಗಳಿದ್ದವು. ಕೊನೆಯ ಇಂಜೆಕ್ಷನ್ ಆದ ದಿನ ಒಂದು ಸೊನ್ನೆ, ಆಮೇಲೆ ದಿನಕ್ಕೊಂದು ಗೆರೆ. ಹುಡುಗನ ಕೆಲಸ. ಏಳು ತುಂಬಿತ್ತು. ಮೊಲೆ ಮೆತ್ತಗಾಗಿತ್ತು, ನಾಲ್ಕೂ ಮೊಲೆಯ ಹಾಲು ಪರೀಕ್ಷೆಯಲ್ಲಿ ಚೆನ್ನಾಗಿತ್ತು. ಆ ಸಂಜೆಯಿಂದ ಸಂಘಕ್ಕೆ ಹಾಕಬಹುದು ಎಂದೆ. “ಐಸ್‌ಕ್ಯಾಂಡಿಗೆ?” ಎಂದು ಕೇಳಿದ. ಅದಕ್ಕೂ ಎಂದೆ.

ಅವರ ತಾಯಿಯ ಪ್ರಶ್ನೆ ಬೇರೆಯಿತ್ತು: ಹಿಂಡಿದ ಕಿತ್ತಳೆ ಸಿಪ್ಪೆಯನ್ನು ಹಸುವಿಗೆ ಹಾಕಬಹುದಾ? ಐದಾರು ಹಣ್ಣಿನ ಸಿಪ್ಪೆಯನ್ನು ತೊಳೆದು, ಕತ್ತರಿಸಿ, ಮೇವಿನ ಜೊತೆ ಕೊಟ್ಟರೆ ತೊಂದರೆಯಿಲ್ಲ. ಜ್ಯೂಸ್ ಅಂಗಡಿಯಿಂದ ಚೀಲಗಟ್ಟಲೆ ತಂದು ಸುರಿದರೆ ಹೊಟ್ಟೆ ಹುಳಿಯಾಗಿ ಹಸು ಮೇವು ಬಿಡುತ್ತದೆ. ಬೂಸು ಬಂದ ಸಿಪ್ಪೆಯಂತೂ ತಿಪ್ಪೆಗೆ.