ನೀಲಿ ಬಟ್ಟೆಯ ಮೇಲಿನ ಬಿಳಿ ಯೇಸು

ಅಗಸೆ ಎಂದೊಡನೆ ವಿಜಯಪುರ ಜಿಲ್ಲೆಯ ತಿಕೋಟಾ, ಕನಮಡಿ ಸೀಮೆಯ ಜನರಿಗೆ ನೆನಪಾಗುವುದು ಜೋಳದ ರೊಟ್ಟಿಯೊಡನೆ ಸವಿಯುವ ಅಗಸಿ ಹಿಂಡಿ. ಉತ್ತರ ಕರ್ನಾಟಕದಲ್ಲಿ ಬೀಜಕ್ಕಾಗಿ ಬೆಳೆಯುವ ಈ ಗಿಡದ ಕಾಂಡದಿಂದ ಪ್ರಾಚೀನ ಈಜಿಪ್ಟಿನವರು ನಾರು ತೆಗೆದು ಬಟ್ಟೆ ನೇಯುತ್ತಿದ್ದರು. ಅದೇ ಲಿನನ್. ಕ್ರೈಸ್ತ ಧರ್ಮದ ಆರಂಭಕಾಲದ ಅಪರೂಪದ ಚಿತ್ರಗಳು ಈ ಬಟ್ಟೆಯ ಮೇಲೆ ಉಳಿದುಕೊಂಡಿವೆ.

ಇವುಗಳಲ್ಲಿ ಹೆಚ್ಚಿನವು ಕ್ರಿ.ಶ. 4ರಿಂದ 6ನೇ ಶತಮಾನದವು. ತಯಾರಿಕೆಯ ಕ್ರಮ ಬಾಟಿಕ್ ಬಲ್ಲವರಿಗೆ ಪರಿಚಿತ. ಬಿಳಿಯ ಬಟ್ಟೆಯ ಮೇಲೆ ಮೇಣ ಅಥವಾ ಅಂತಹುದೇ ಲೇಪದಿಂದ ಚಿತ್ರ ಬರೆದು, ನೀಲಿಯ ತೊಟ್ಟಿಯಲ್ಲಿ ಅದ್ದುತ್ತಿದ್ದರು. ಲೇಪವಿದ್ದ ಕಡೆ ಬಣ್ಣ ಹಿಡಿಯದು. ಲೇಪ ತೆಗೆದಾಗ ನೀಲಿ ನೆಲದ ಮೇಲೆ ಬಿಳಿ ಆಕೃತಿಗಳು ಮೂಡುತ್ತಿದ್ದವು. ಮೇರಿಗೆ ದೇವದೂತ ತಂದ ಶುಭವಾರ್ತೆ, ಯೇಸುವಿನ ಜನನ ಮುಂತಾದ ದೃಶ್ಯಗಳುಳ್ಳ ತುಣುಕುಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ. ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಇದೇ ಕ್ರಮದ ಇನ್ನೊಂದು ಪರದೆಯಲ್ಲಿರುವುದು ಗ್ರೀಕರ ಮದ್ಯದೇವತೆ ಡಯೋನಿಸಸ್‌ನ ಕಥೆ. ಹಳೆಯ ದೇವತೆಗಳಿಗೂ ಹೊಸ ಧರ್ಮಕ್ಕೂ ಬಣ್ಣಗಾರರ ಕಸುಬು ಒಂದೇ ಆಗಿತ್ತು.

ಆದರೆ ಇಂತಹ ಚಿತ್ರಗಳನ್ನು ಧರ್ಮಗುರುಗಳೆಲ್ಲ ಒಪ್ಪಿರಲಿಲ್ಲ. ಕ್ರಿ.ಶ. 394ರ ಸುಮಾರಿಗೆ ಸೈಪ್ರಸ್‌ನ ಬಿಷಪ್ ಎಪಿಫಾನಿಯಸ್ ಬರೆದ ಪತ್ರವೊಂದು ಉಳಿದಿದೆ. ಪ್ಯಾಲೆಸ್ತೀನಿನ ಅನಬ್ಲಾತಾ ಎಂಬ ಹಳ್ಳಿಯ ಚರ್ಚಿನ ಬಾಗಿಲಲ್ಲಿ, ಯೇಸುವಿನದೋ ಸಂತನೊಬ್ಬನದೋ ಚಿತ್ರವಿದ್ದ ಬಣ್ಣದ ಪರದೆಯನ್ನು ಕಂಡು ಅವರು ಅದನ್ನು ಹರಿದುಹಾಕಿದರು. ಬಡವನೊಬ್ಬನ ಶವಕ್ಕೆ ಅದನ್ನು ಹೊದಿಸಿ ಹೂಳುವಂತೆ ಸೂಚಿಸಿ, ಬದಲಿಗೆ ಬೇರೊಂದು ಪರದೆ ಕೊಡುವುದಾಗಿ ಮಾತು ಕೊಟ್ಟರು. ಅದೇ ಕಾಲದ ಅಮಾಸಿಯಾದ ಬಿಷಪ್ ಆಸ್ಟೀರಿಯಸ್, ಲಾಜರನು ಎದ್ದು ಬಂದ ಪವಾಡದಂತಹ ದೃಶ್ಯಗಳಿರುವ ಉಡುಪು ತೊಟ್ಟು ಮೆರೆಯುತ್ತಿದ್ದ ಸಿರಿವಂತರನ್ನು ಟೀಕಿಸಿದ್ದರು. ಜನರ ನಡುವೆ ಈ ಬಟ್ಟೆಗಳು ಎಷ್ಟು ಬಳಕೆಯಲ್ಲಿದ್ದವು ಎಂಬುದಕ್ಕೆ ಈ ಆಕ್ಷೇಪಗಳೇ ಸಾಕ್ಷಿ.

ಬಟ್ಟೆಗಳನ್ನು ಉಳಿಸಿದ್ದೂ ಗೋರಿಗಳೇ. ಶವಸಂರಕ್ಷಣೆಯ ಹಳೆಯ ಪದ್ಧತಿ ಕೈಬಿಟ್ಟ ಮೇಲೆ ಈಜಿಪ್ಟಿನಲ್ಲಿ ಮೃತರನ್ನು ಬಟ್ಟೆ ಉಡಿಸಿ, ಹೊದಿಸಿ ಮರಳಿನಲ್ಲಿ ಹೂಳುತ್ತಿದ್ದರು. ಒಣ ನೆಲದಲ್ಲಿ ನಾರು ಕೊಳೆಯಲಿಲ್ಲ. 1880ರ ದಶಕದಿಂದ ಅಖ್ಮೀಮ್ ಮೊದಲಾದ ಕಡೆ ಸ್ಮಶಾನಗಳನ್ನು ಅಗೆದಾಗ ಸಾವಿರಾರು ತುಣುಕುಗಳು ಹೊರಬಂದವು. ವ್ಯಾಪಾರಿಗಳು ಚಿತ್ರವಿದ್ದ ಭಾಗವನ್ನಷ್ಟೇ ಕತ್ತರಿಸಿ ಮಾರಿದರು. ಯಾವ ಗೋರಿ, ಯಾರ ಶವ, ಅದು ಉಡುಪೋ ಪರದೆಯೋ ಎಂಬ ವಿವರಗಳು ಇದರಿಂದ ಅಳಿಸಿಹೋದವು. ಎಪಿಫಾನಿಯಸ್ ಹೇಳಿದಂತೆ ಚರ್ಚಿನ ಪರದೆಗಳು ಹೀಗೆ ಗೋರಿ ಸೇರಿದ್ದುಂಟೇ ಎಂಬ ಪ್ರಶ್ನೆಗೆ ಉತ್ತರಿಸಬಲ್ಲ ಪುರಾವೆ ನಾಶವಾದದ್ದೂ ಹಾಗೆಯೇ. ಕಾಲ ನಿರ್ಣಯಕ್ಕೆ ಇಂದು ಇಂಗಾಲ-14 ಪರೀಕ್ಷೆ ನೆರವಾಗುತ್ತದೆ. ಆದರೆ ಬಟ್ಟೆಯ ಬಳಕೆ ಏನಿತ್ತೆಂಬುದನ್ನು ಅದು ಹೇಳಲಾರದು.

ಈಜಿಪ್ಟಿನ ಕೆಂಪು ಸಮುದ್ರ ತೀರದ ಬೆರೆನಿಕೆ ಬಂದರಿನ ಕಥೆ ಬೇರೆ. 1994ರಲ್ಲಿ ಆರಂಭವಾದ ಉತ್ಖನನದಲ್ಲಿ, ಇದೇ ತಡೆಲೇಪದ ಕ್ರಮದಲ್ಲಿ ಬಣ್ಣ ಹಾಕಿದ ಭಾರತೀಯ ಹತ್ತಿಬಟ್ಟೆಯ ತುಣುಕುಗಳು ಸಿಕ್ಕವು. ಭಾರತದ ಮಳೆ, ತೇವ, ಗೆದ್ದಲಿಗೆ ಸಿಕ್ಕಿ ಅಷ್ಟು ಹಳೆಯ ಬಟ್ಟೆ ಇಲ್ಲಿ ಉಳಿಯುವುದು ದುರ್ಲಭ. ಬೆರೆನಿಕೆಯಲ್ಲಿ ಪ್ರತಿ ತುಣುಕೂ ದೊರೆತ ಪದರವನ್ನು ದಾಖಲಿಸಿದ್ದರಿಂದ, ಅವು ಸುಮಾರು 4-5ನೇ ಶತಮಾನದವು ಎಂದು ಹೇಳುವುದು ಸಾಧ್ಯವಾಗಿದೆ.