ಡೆನ್ಮಾರ್ಕಿನದಲ್ಲದ ‘ಗ್ರೇಟ್ ಡೇನ್’

ಭುಜದ ಬಳಿ ಅಳೆದರೆ ಎಂಬತ್ತು ಸೆಂಟಿಮೀಟರಿಗೂ ಹೆಚ್ಚು ಎತ್ತರ ನಿಲ್ಲುವ ಗಂಡು ಗ್ರೇಟ್ ಡೇನ್ ನಾಯಿ ಹೆಸರಿಗೆ ಡೆನ್ಮಾರ್ಕಿನದು. ಆದರೆ ಡೆನ್ಮಾರ್ಕಿನವರನ್ನೇ ಕೇಳಿದರೆ ಅವರು ಇದನ್ನು ಕರೆಯುವುದು ‘ಗ್ರಾಂ ದಾನ್ವಾ’ ಎಂದು. ಅದು ಅವರ ಭಾಷೆಯ ಮಾತಲ್ಲ, ಅಪ್ಪಟ ಫ್ರೆಂಚ್. ಅರ್ಥ ‘ದೊಡ್ಡ ಡೇನ್’. ಸರಿ, ಫ್ರೆಂಚರಾದರೂ ಹಾಗೆನ್ನುತ್ತಾರೆಯೇ ಎಂದರೆ, ಅವರ ದಾಖಲೆಗಳಲ್ಲಿರುವ ಹೆಸರು ‘ಜರ್ಮನ್ ದೋಗ್’. ಜರ್ಮನರಿಗೆ ಇದು ‘ಡಾಯ್ಚೆ ಡಾಗೆ’, ಅಂದರೆ ಜರ್ಮನಿಯ ಡಾಗೆ. ಈ ‘ಡಾಗೆ’ ಮಾತ್ರ ಜರ್ಮನ್ ಪದವಲ್ಲ, ಇಂಗ್ಲಿಷಿನ ‘ಡಾಗ್’!

ಈ ಗೋಜಲಿನ ಮೊದಲ ಎಳೆ ಇಂಗ್ಲೆಂಡಿನಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ ನಾಯಿಗೆ ಸಾಮಾನ್ಯ ಹೆಸರು ‘ಹೌಂಡ್’. ಜರ್ಮನ್, ಡಚ್, ಸ್ವೀಡಿಷ್ ಭಾಷೆಗಳಲ್ಲಿ ಇಂದಿಗೂ ಇದೇ ಬೇರಿನ ಮಾತು ಬಳಕೆಯಲ್ಲಿದೆ. ‘ಡಾಗ್’ ಎಂಬುದು ಎಲ್ಲಿಂದ ಬಂತೆಂದು ಭಾಷಾಶಾಸ್ತ್ರಜ್ಞರಿಗೂ ಗೊತ್ತಿಲ್ಲ. ಎಲ್ಲಿಂದಲೋ ಬಂದು ಮನೆಯ ಯಜಮಾನನನ್ನೇ ಹೊರಗಟ್ಟಿದ ಅತಿಥಿಯಂತೆ ಅದು ಹದಿನಾರನೇ ಶತಮಾನದ ಹೊತ್ತಿಗೆ ‘ಹೌಂಡ್’ನ ಜಾಗ ಹಿಡಿದಿತ್ತು. ‘ಹೌಂಡ್’ ಬೇಟೆ ನಾಯಿಗಷ್ಟೇ ಸೀಮಿತವಾಯಿತು.

ಅದೇ ಕಾಲದಲ್ಲಿ ಇಂಗ್ಲೆಂಡಿನ ದೊಡ್ಡ, ದಪ್ಪ ಮೂತಿಯ ನಾಯಿಗಳಿಗೆ ಯೂರೋಪಿನ ಅರಮನೆಗಳಲ್ಲಿ ಬೇಡಿಕೆ ಇತ್ತು. ಕಾಡುಹಂದಿಯನ್ನು ಹಿಡಿದು ನಿಲ್ಲಿಸಲು ಅಂಥ ನಾಯಿಯೇ ಬೇಕು. ನಾಯಿಯ ಜೊತೆಗೆ ಹೆಸರೂ ಕಡಲು ದಾಟಿತು. ಇಂಗ್ಲೆಂಡಿನಲ್ಲಿ ಬೀದಿನಾಯಿಯಿಂದ ಹಿಡಿದು ಎಲ್ಲಕ್ಕೂ ಸಲ್ಲುತ್ತಿದ್ದ ‘ಡಾಗ್’, ಆಚೆ ದಡದಲ್ಲಿ ಭಾರೀ ದೇಹದ ನಾಯಿಗೆ ಮಾತ್ರ ಮೀಸಲಾಯಿತು. ಫ್ರೆಂಚಿನಲ್ಲಿ ‘ದೋಗ್’, ಸ್ಪ್ಯಾನಿಷಿನಲ್ಲಿ ‘ದೋಗೊ’, ಜರ್ಮನಿನಲ್ಲಿ ‘ಡಾಗೆ’. ಮುಂದೆ ಪೋಲಿಷ್, ಹಂಗೇರಿಯನ್, ರಷ್ಯನ್ ಭಾಷೆಗಳಲ್ಲೂ ‘ಡೋಗ್’. ಆದ್ದರಿಂದ ಮಾಸ್ಕೋದಲ್ಲಿ ‘ಡೋಗ್’ ಎಂದರೆ ನಾಯಿ ಎಂದಷ್ಟೇ ಅರ್ಥವಲ್ಲ. ಎದೆಯೆತ್ತರದ ನಾಯಿಯೊಂದು ಕೇಳುವವನ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಇಟಲಿಯವರದು ಮಾತ್ರ ಬೇರೆ ದಾರಿ. ಅಲ್ಲಿ ಇದು ‘ಅಲಾನೊ’. ಐದನೇ ಶತಮಾನದ ಆರಂಭದಲ್ಲಿ ಪಶ್ಚಿಮ ಯೂರೋಪಿಗೆ ನುಗ್ಗಿದ ಅಲಾನ್ ಎಂಬ ಅಲೆಮಾರಿ ಜನಾಂಗದ ನೆನಪು ಆ ಹೆಸರಿನಲ್ಲಿದೆ ಎಂಬ ಅಭಿಪ್ರಾಯವಿದೆ.

ಹಾಗಾದರೆ ನಡುವೆ ಡೆನ್ಮಾರ್ಕ್ ಬಂದದ್ದು ಹೇಗೆ? ಇದಕ್ಕೆ ಕಾರಣ ಹದಿನೆಂಟನೇ ಶತಮಾನದ ಫ್ರೆಂಚ್ ಪ್ರಕೃತಿ ವಿಜ್ಞಾನಿ ಬುಫೊನ್. ತನ್ನ ಬೃಹತ್ ಪ್ರಾಣಿಶಾಸ್ತ್ರ ಗ್ರಂಥದ 1755ರ ಸಂಪುಟದಲ್ಲಿ ಆತ ನಾಯಿಗಳ ವಂಶವೃಕ್ಷವನ್ನೇ ಬಿಡಿಸಿದ. ಹವಾಮಾನ ಬದಲಾದರೆ ಪ್ರಾಣಿಯ ರೂಪವೂ ಬದಲಾಗುತ್ತದೆ ಎಂಬುದು ಅವನ ನಂಬಿಕೆ. ಒಂದೇ ಕಾವಲು ನಾಯಿ ಉತ್ತರಕ್ಕೆ ಹೋಗಿ ‘ಗ್ರಾಂ ದಾನ್ವಾ’ ಆಯಿತು, ದಕ್ಷಿಣಕ್ಕೆ ಬಂದು ತೆಳ್ಳಗಿನ ಗ್ರೇಹೌಂಡ್ ಆಯಿತು ಎಂದು ಬರೆದುಬಿಟ್ಟ. ತಳಿಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಆದರೆ ಬುಫೊನ್ ಯೂರೋಪಿನಾದ್ಯಂತ ಓದಿಸಿಕೊಂಡ ಲೇಖಕ. ಸಿದ್ಧಾಂತ ಬಿದ್ದುಹೋಯಿತು, ಹೆಸರು ಉಳಿಯಿತು. ಇಂಗ್ಲಿಷಿನಲ್ಲಿ ಅದೇ ‘ಗ್ರೇಟ್ ಡೇನ್’ ಆಗಿ, ಅಲ್ಲಿಂದ ನಮ್ಮವರೆಗೂ ಬಂದಿದೆ.

ಜರ್ಮನರಿಗೆ ಇದು ಸಹಿಸಲಾಗದ ಮಾತಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1863ರ ಹ್ಯಾಂಬರ್ಗ್ ಶ್ವಾನ ಪ್ರದರ್ಶನದಲ್ಲಿ ‘ಡೇನಿಶ್ ಡಾಗೆ’ ಮತ್ತು ಉಲ್ಮ್ ಊರಿನ ‘ಉಲ್ಮರ್ ಡಾಗೆ’ ಎಂಬ ಎರಡು ಹೆಸರುಗಳಿದ್ದವು. ಮರುವರ್ಷವೇ ಪ್ರಷ್ಯ ಮತ್ತು ಆಸ್ಟ್ರಿಯ ಸೇರಿ ಡೆನ್ಮಾರ್ಕಿನ ಮೇಲೆ ಯುದ್ಧ ಹೂಡಿದವು. 1871ರಲ್ಲಿ ಜರ್ಮನಿ ಒಂದೇ ಸಾಮ್ರಾಜ್ಯವಾಯಿತು. ಅದನ್ನು ಕಟ್ಟಿದ ಬಿಸ್ಮಾರ್ಕ್‌ನ ಪಕ್ಕದಲ್ಲಿ ಸದಾ ಇಂಥದೇ ನಾಯಿ. ಜನ ಅದಕ್ಕೆ ‘ಸಾಮ್ರಾಜ್ಯದ ನಾಯಿ’ ಎಂದೇ ಹೆಸರಿಟ್ಟಿದ್ದರು. 1878ರಲ್ಲಿ ಬರ್ಲಿನ್ ಮೃಗಾಲಯದ ನಿರ್ದೇಶಕ ಬೊಡಿನಸ್ ನೇತೃತ್ವದ ಏಳು ಜನರ ಸಮಿತಿ ಉಲ್ಮರ್, ಡೇನಿಶ್ ಎಂಬ ಭೇದವನ್ನೆಲ್ಲ ಅಳಿಸಿ ಒಂದೇ ಹೆಸರು ಕೊಟ್ಟಿತು: ‘ಡಾಯ್ಚೆ ಡಾಗೆ’. ಚೂರುಚೂರಾಗಿದ್ದ ದೇಶ ಒಂದಾದ ಏಳೇ ವರ್ಷಕ್ಕೆ ಅದರ ನಾಯಿಗಳೂ ಒಂದಾದವು. ರಾಷ್ಟ್ರೀಯತೆಯ ಆ ಹೆಸರಿನಲ್ಲಿ ಅರ್ಧ ಇಂಗ್ಲಿಷ್ ಪದವೇ ಎಂಬುದು ಯಾರಿಗೂ ಅಡ್ಡಿಯಾದಂತಿಲ್ಲ.

ನೆರೆಹೊರೆಯವರು ಇದನ್ನು ಪೂರ್ತಿ ಒಪ್ಪಿಕೊಂಡರೆಂದಲ್ಲ. ಪೋಲೆಂಡ್, ಹಂಗೇರಿ, ರಷ್ಯ, ಹಾಲೆಂಡುಗಳು ‘ಜರ್ಮನ್’ ಎಂದವು. ಸ್ವೀಡನ್, ನಾರ್ವೆಗಳು ‘ಗ್ರಾಂ ದಾನ್ವಾ’ವನ್ನು ಬಿಡಲಿಲ್ಲ. ಫಿನ್‌ಲೆಂಡಿನವರು ಜಾಣರು: ಇಂಗ್ಲಿಷಿನ ಡಾಗ್‌ಗೆ ಡೆನ್ಮಾರ್ಕನ್ನು ಜೋಡಿಸಿ ‘ತಾನ್ಸ್‌ಕಾನ್‌ದೊಗ್ಗಿ’ ಎಂದುಬಿಟ್ಟರು.

ಹೆಸರಿನಲ್ಲಿ ದೇಶವಿದ್ದರೆ ನಾಯಿಗೂ ಯುದ್ಧದ ಬಿಸಿ ತಟ್ಟುತ್ತದೆ. ಮೊದಲ ಮಹಾಯುದ್ಧದ ನಂತರ, 1919ರಲ್ಲಿ, ಬ್ರಿಟನ್ನಿನ ಕೆನೆಲ್ ಕ್ಲಬ್ ಜರ್ಮನ್ ಶೆಫರ್ಡ್ ನಾಯಿಯನ್ನು ನೋಂದಾಯಿಸಿಕೊಂಡಾಗ ‘ಜರ್ಮನ್’ ಎಂಬ ಮಾತೇ ಬೇಡವಾಗಿತ್ತು. ಗಡಿ ಪ್ರಾಂತವಾದ ಅಲ್ಸೇಸ್ ಹೆಸರು ಹಿಡಿದು ‘ಅಲ್ಸೇಶಿಯನ್’ ಎಂದು ಕರೆಯಿತು. ಜರ್ಮನ್ ಹೆಸರನ್ನು ಮತ್ತೆ ಮುಂದಕ್ಕೆ ತಂದದ್ದು 1977ರಲ್ಲಿ. ಬ್ರಿಟಿಷರ ಆ ಮುನಿಸು ನಮ್ಮೂರುಗಳಿಗೂ ಬಂದಿತ್ತು. ಕರ್ನಾಟಕದ ಹಿರಿಯರ ಬಾಯಲ್ಲಿ ಆ ನಾಯಿ ಈಗಲೂ ‘ಅಲ್ಸೇಶಿಯನ್’.

ಅಂತರರಾಷ್ಟ್ರೀಯ ಶ್ವಾನ ಒಕ್ಕೂಟದ ಪಟ್ಟಿಯಲ್ಲಿ ಗ್ರೇಟ್ ಡೇನ್‌ನ ಮೂಲ ದೇಶ ಜರ್ಮನಿ. ಡೆನ್ಮಾರ್ಕಿಗೆ ತನ್ನದೇ ಭಾರೀ ನಾಯಿ ಇಲ್ಲವೆಂದಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಹೆಚ್ಚುಕಡಿಮೆ ಅಳಿದೇಹೋಗಿದ್ದ ಆ ತಳಿಯನ್ನು 1970ರ ದಶಕದಲ್ಲಿ ಅಲ್ಲಿನವರು ಹುಡುಕಿ ಉಳಿಸಿಕೊಂಡರು. ಅದರ ಹೆಸರಿನಲ್ಲಿ ದೇಶವಿಲ್ಲ, ಬ್ರೊಹೋಮ್ ಎಂಬ ಒಂದು ಕೋಟೆಮನೆ ಇದೆ.