ಸಿಹಿಯಷ್ಟೇ ಕಾರಣವಲ್ಲ: ಇನ್ಸುಲಿನ್ ಪ್ರತಿರೋಧ ಯಾರಿಗೆ?

"ನಾವು ಮದ್ಯ ಮಾಂಸ ಮುಟ್ಟುವವರಲ್ಲ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವವರು. ನಮಗೆಲ್ಲಿಯ ಸಕ್ಕರೆ ಕಾಯಿಲೆ?" ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಮ್ಮ ಸಮಾಜ ಬಾಂಧವರ ಮನೆಗಳಲ್ಲಿ ಈ ಮಾತು ಕೇಳುತ್ತಲೇ ಇರುತ್ತೇವೆ. ನಿಯಮಗಳು ಒಳ್ಳೆಯವೇ. ಆದರೆ ಗಡ್ಡೆ ಗೆಣಸು ಬಿಟ್ಟ ತಟ್ಟೆಯಲ್ಲಿ ಅನ್ನ, ಮೈದಾ, ತುಪ್ಪ, ಸಿಹಿತಿಂಡಿಗಳಿಗೆ ಬರವಿಲ್ಲವಲ್ಲ!

ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದು ಸ್ನಾಯುಗಳ ಒಳಸೇರಲು ಮೇದೋಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್ ಬೇಕು. ಹೊಟ್ಟೆಯೊಳಗೆ, ಯಕೃತ್ತಿನಲ್ಲಿ ಕೊಬ್ಬು ತುಂಬಿದವರಲ್ಲಿ ಜೀವಕೋಶಗಳು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಇದೇ ಇನ್ಸುಲಿನ್ ಪ್ರತಿರೋಧ. ಗ್ರಂಥಿ ಹೆಚ್ಚು ದುಡಿದು ತೂಗಿಸುತ್ತಿರುವಷ್ಟು ಕಾಲ ಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿಯೇ ಕಾಣಬಹುದು. ಅದು ದಣಿದಾಗ ಮಧುಮೇಹ ಹೊರಬೀಳುತ್ತದೆ.

ತೆಳ್ಳಗಿರುವವರೂ ನಿಶ್ಚಿಂತರಲ್ಲ. ಪುಣೆಯ ಡಾ. ಯಾಜ್ಞಿಕ್ 2004ರಲ್ಲಿ ತಮ್ಮನ್ನೂ ಬ್ರಿಟನ್ನಿನ ಡಾ. ಯುಡ್ಕಿನ್ ಅವರನ್ನೂ ಹೋಲಿಸಿ ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆ ಇಬ್ಬರಿಗೂ ಒಂದೇ, 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ನರಿಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2!

ಆದ್ದರಿಂದ ತಕ್ಕಡಿಗಿಂತ ಟೇಪು ಮೇಲು. ಸೊಂಟದ ಸುತ್ತಳತೆ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರು ಮುಟ್ಟಿದರೆ ಎಚ್ಚರ ವಹಿಸಬೇಕು. ತಂದೆತಾಯಿಗೆ ಮಧುಮೇಹವಿದ್ದವರು, ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದವರು, ಪಿಸಿಓಎಸ್ ತೊಂದರೆಯಿಂದ ಮುಟ್ಟು ಏರುಪೇರಾಗುವ ಹೆಣ್ಣುಮಕ್ಕಳು, ಕುತ್ತಿಗೆಯ ಚರ್ಮ ಕಪ್ಪಾಗಿ ದಪ್ಪಗಾದವರು ಪರೀಕ್ಷೆ ಮಾಡಿಸಿಕೊಳ್ಳಲಿ. ಬನಿಯನ್ ವ್ಯಾಪಾರದ ಗಲ್ಲದ ಮುಂದೆ ಬೆಳಗಿನಿಂದ ಸಂಜೆಯವರೆಗೆ ಕುಳಿತವರೂ ಈ ಸಾಲಿನಲ್ಲೇ ಬರುತ್ತಾರೆ. ಬರಿಹೊಟ್ಟೆಯ ಸಕ್ಕರೆ 100ರಿಂದ 125, ಇಲ್ಲವೇ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಅದು ಮಧುಮೇಹದ ಹೊಸ್ತಿಲು.

ಹೊಸ್ತಿಲಿನಿಂದ ಹಿಂದಿರುಗಲು ಸಾಧ್ಯವಿದೆ. ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಹೊಸ್ತಿಲಲ್ಲಿದ್ದು ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ದಿನವೂ ನಡೆದು, ಆಹಾರ ತಿದ್ದಿಕೊಂಡವರಲ್ಲಿ ಆ ಸಂಖ್ಯೆ 39.

ಇನ್ನು ಪರ್ವದ ಉಪವಾಸ. ಇದನ್ನು ಹೇಳಲು ಸಂಕೋಚವಾದರೂ ಹೇಳದೆ ಬಿಡುವಂತಿಲ್ಲ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಹಿರಿಯರು ನಿರಾಹಾರ ಕೈಗೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಪರ್ಯುಷಣ ಅಥವಾ ದಶಲಕ್ಷಣ ಪರ್ವಕ್ಕೆ ಕೆಲವು ವಾರ ಮೊದಲೇ ವೈದ್ಯರನ್ನು ಕಾಣಬೇಕು. ಪ್ರತ್ಯಾಖ್ಯಾನ ಸ್ವೀಕರಿಸುವಾಗ ಔಷಧದ ವಿಷಯವನ್ನು ಗುರುಗಳಲ್ಲಿ ಅರಿಕೆ ಮಾಡಿಕೊಳ್ಳಬೇಕು. ನಡುಕ, ಬೆವರು, ಮಂಕು ಕವಿದರೆ ಮನೆಯವರು ಪಾರಣೆಯ ಹೊತ್ತಿಗಾಗಿ ಕಾಯದೆ, ಎಚ್ಚರವಿದ್ದವರಿಗೆ ಕೂಡಲೇ ಸಕ್ಕರೆ ನೀರು ಕುಡಿಸಲಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಲಿ.